ಅತ್ತೆಯ ಹಾಡಿಗೊಂದು ಲಿನಕ್ಸ್

ನಮ್ಮ ಯಸಳೂರಿನ ಕಡೆ ಮಳೆಗಾಲ ಬಂತೆಂದರೆ ಬೂಷ್ಟಿನ ಕಾಲ ಬಂತೆಂದೇ ಅರ್ಥ. ಬಾಗಿಲ ಸಂದಿನಲ್ಲಿಟ್ಟ ಚಪ್ಪಲಿಗೆ ಬೂಷ್ಟು, ಬೀರುವಿನ ರೇಷ್ಮೆ ಸೀರೆಯ ಮಡಿಕೆಗೆ ಬೂಷ್ಟು, ಉಪ್ಪಿನಕಾಯಿ ಜಾಡಿಯ ಬಾಯಿಗಂತೂ ಕೇಳುವುದೇ ಬೇಡ. 2025ರ ಮಳೆ ಕಳೆದ ಮೇಲೆ ಅಟ್ಟದಿಂದ ಹಳೆಯ ಬಿಸ್ಕತ್ತಿನ ಡಬ್ಬವೊಂದನ್ನು ಇಳಿಸಿ ಮುಚ್ಚಳ ತೆಗೆದೆ. ಒಳಗಿದ್ದ ಕ್ಯಾಸೆಟ್ಟುಗಳ ಸುರುಳಿಯ ಅಂಚಿಗೆಲ್ಲ ಬಿಳಿಯ ಪುಡಿ ಹತ್ತಿತ್ತು. ಏಳು ಕ್ಯಾಸೆಟ್ಟು. ಏಳರಲ್ಲೂ ನಮ್ಮತ್ತೆಯ ದನಿ.

ಅತ್ತೆ ತೀರಿಕೊಂಡದ್ದು 2009ರಲ್ಲಿ. ಸೋಬಾನೆ ಪದಕ್ಕೆ, ನಾಟಿ ಪದಕ್ಕೆ ಸುತ್ತಿನ ನಾಲ್ಕಾರು ಊರಿನವರು ಅವರನ್ನು ಕರೆಯಲು ಬರುತ್ತಿದ್ದರು. ಅರಿಸಿನ ಹಚ್ಚುವಾಗ ಒಂದು ಹಾಡು, ಧಾರೆಗೆ ಒಂದು, ಹೆಣ್ಣೊಪ್ಪಿಸುವಾಗ ಒಂದು. ಈ ಕೊನೆಯದಕ್ಕೆ ಗಂಡಿನ ಕಡೆಯವರೂ ಕಣ್ಣೊರೆಸಿಕೊಳ್ಳುತ್ತಿದ್ದರು. 1991ರಿಂದ 1995ರವರೆಗೆ, ಬಿಡುವಾದಾಗಲೆಲ್ಲ, ಜಗಲಿಯಲ್ಲೋ ಅಡಿಗೆಮನೆಯಲ್ಲೋ ಟೇಪ್‌ರೆಕಾರ್ಡರ್ ಇಟ್ಟು ನಾನು ಅವರನ್ನು ಹಾಡಿಸಿದೆ. "ಆ ಪೆಟ್ಟಿಗೆ ಮುಂದೆ ಹಾಡಿದರೆ ದನಿ ಸವೆದುಹೋಗುತ್ತೆ ಕಣೆ" ಎನ್ನುತ್ತಿದ್ದವರು ಆಮೇಲಾಮೇಲೆ ಕೆಂಪು ಗುಂಡಿ ಒತ್ತಿದೆಯೋ ಇಲ್ಲವೋ ಎಂದು ತಾವೇ ಬಗ್ಗಿ ನೋಡುವಷ್ಟು ಪಳಗಿಬಿಟ್ಟರು.

ನಿಜ ಹೇಳಬೇಕೆಂದರೆ ಇದ್ದದ್ದು ಎಂಟು ಕ್ಯಾಸೆಟ್ಟು. ಎಂಟನೆಯದನ್ನು ಅತ್ತೆ ಹೋದ ವರ್ಷವೇ ಪೇಟೆಯ ಒಂದು ಅಂಗಡಿಗೆ ಸಿ.ಡಿ. ಮಾಡಿಕೊಡಿರೆಂದು ಕೊಟ್ಟಿದ್ದೆ. ತಿಂಗಳು ಬಿಟ್ಟು ಸಿ.ಡಿ. ಬಂತು, ಕ್ಯಾಸೆಟ್ಟು ಬರಲಿಲ್ಲ, ಎಲ್ಲೋ ಕೈತಪ್ಪಿತಂತೆ. ಸಿ.ಡಿ. ಹಾಕಿ ಕೇಳಿದರೆ ಹಾಡು ಇದೆ, ಅತ್ತೆ ಇಲ್ಲ. ಸುಯ್‌ ಎನ್ನುವ ಸದ್ದು ತೆಗೆಯುವ ಭರದಲ್ಲಿ ಅವರು ಸಾಲು ಸಾಲಿನ ನಡುವೆ ಎಳೆದುಕೊಳ್ಳುತ್ತಿದ್ದ ಉಸಿರನ್ನೂ ತೆಗೆದುಹಾಕಿದ್ದರು. ಇನ್ನು ಈ ಕೆಲಸ ಮಾಡುವುದಾದರೆ ನನ್ನ ಕೈಯಾರೆ, ನನ್ನ ಮನೆಯಲ್ಲೇ ಎಂದು ಆವತ್ತೇ ನಿಶ್ಚಯಿಸಿದ್ದೆ. ನಿಶ್ಚಯಕ್ಕೂ ಕೆಲಸಕ್ಕೂ ನಡುವೆ ಹದಿನಾರು ವರ್ಷ ಹೋಯಿತು ನೋಡಿ. ನಮ್ಮ ಹೆಂಗಸರ ನಿಶ್ಚಯಗಳೆಲ್ಲ ಹೀಗೇ, ಒಲೆ ಆರಿದ ಮೇಲೆ ಮಾಡುವ ಕೆಲಸಗಳು.

ಮನೆಯಲ್ಲಿದ್ದದ್ದು ಮಗ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪು, 4 ಜಿ.ಬಿ. ಮೆಮೊರಿಯದು. ಅದರೊಳಗಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟಿನವರು ಆರೈಕೆ ನಿಲ್ಲಿಸಿದರು. ಹೊಸ ವಿಂಡೋಸನ್ನು ಈ ಮುದಿ ಲ್ಯಾಪ್‌ಟಾಪು ಒಪ್ಪದು. "ಲಿನಕ್ಸ್ ಹಾಕಿಕೊಳ್ಳಮ್ಮ, ದುಡ್ಡಿಲ್ಲ" ಎಂದ ಮಗ, ಫೋನಿನಲ್ಲಿ. ಯಾವ ಲಿನಕ್ಸ್ ಎಂದೆ. "ಹಾಡಿಗೇ ಅಂತ ಬೇರೆ ಲಿನಕ್ಸ್‌ಗಳಿವೆ, ನೋಡಿ ಆರಿಸಿಕೊ" ಎಂದು ಫೋನಿಟ್ಟ. ಆರಿಸಿಕೊಳ್ಳಲು ಹೊರಟು ನಾನು ಎರಡು ತಿಂಗಳು ಓದಿದ್ದು ಲಿನಕ್ಸ್‌ಗೆ ದನಿ ಬಂದ ಚರಿತ್ರೆಯನ್ನು.

ಆದರೆ ನಮ್ಮ ಕಡೆಯಲ್ಲಿ ಹಾಡು ಹಿಡಿದಿಡುವ ಚರಿತ್ರೆ ಇನ್ನೂ ಹಿಂದಿನದು. ಹಾಸನ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹಳ್ಳಿಯ ಹಾಡುಗಳನ್ನು ಕೂಡಿಸಿ ಪುಸ್ತಕ ಮಾಡಿದರು. ನಮ್ಮ ಸಕಲೇಶಪುರದ ಎಸ್.ಕೆ. ಕರೀಂಖಾನರು ಊರೂರು ಅಲೆದು ಹಾಡು ಕೂಡಿಸಿ, ತಾವೇ ಹಾಡಿ, 'ಜಾನಪದ ಜಂಗಮ' ಎನ್ನಿಸಿಕೊಂಡು 2006ರಲ್ಲಿ ತೀರಿಕೊಂಡರು. ಎಚ್.ಎಲ್. ನಾಗೇಗೌಡರು ಟೇಪ್‌ರೆಕಾರ್ಡರನ್ನೂ ಜೊತೆಗೆ ಒಯ್ದರು. 1994ರಲ್ಲಿ ರಾಮನಗರದ ಹತ್ತಿರ ಶುರುವಾದ ಅವರ ಜಾನಪದ ಲೋಕದಲ್ಲಿ ಅಂಥ ದನಿಗಳ ಭಂಡಾರವೇ ಇದೆ. ಇವರೆಲ್ಲ ದೊಡ್ಡವರು. ನಮ್ಮಂಥವರ ಕೈಗೆ ದನಿ ಹಿಡಿಯುವ ಉಪಾಯ ಸಿಕ್ಕಿದ್ದು ಕ್ಯಾಸೆಟ್ಟು ಬಂದಾಗ. ಫಿಲಿಪ್ಸ್ ಕಂಪೆನಿಯ ಲೂ ಓಟನ್ಸ್ ಎಂಬಾತನ ತಂಡ ರೂಪಿಸಿದ ಈ ಪುಟ್ಟ ಪೆಟ್ಟಿಗೆಯನ್ನು ಮೊದಲು ಜನ ನೋಡಿದ್ದು 1963ರ ಆಗಸ್ಟಿನಲ್ಲಿ, ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರು ಟೇಪು, ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಹೆಡ್ಡಿನ ಮುಂದೆ ಹಾದುಹೋಗುತ್ತದೆ. ಕನ್ನಡದ ಭಾವಗೀತೆಗಳು ಕ್ಯಾಸೆಟ್ಟಾಗಿ ಮನೆಮನೆಗೆ ಬರತೊಡಗಿದ್ದು 1978ರಲ್ಲಿ, ನಿಸಾರ್ ಅಹಮದರ 'ನಿತ್ಯೋತ್ಸವ'ದಿಂದ. ಅಲ್ಲಿಂದ ಮುಂದೆ ಟೇಪ್‌ರೆಕಾರ್ಡರಿಲ್ಲದ ಮದುವೆ ಉಡುಗೊರೆಯೇ ಇಲ್ಲ ಎನ್ನುವಂಥ ಕಾಲವೊಂದಿತ್ತು.

ಖಾಲಿ ಕ್ಯಾಸೆಟ್ಟಿಗೆ ದುಡ್ಡು ಹಾಕುವುದು ಸುಮ್ಮನೆ ದಂಡ ಎಂದು, ಕೇಳಿ ಸಾಕಾದ ಭಾವಗೀತೆಯ ಕ್ಯಾಸೆಟ್ಟಿನ ಮೇಲೇ ನಾನು ಅತ್ತೆಯನ್ನು ಹಾಡಿಸಿದ್ದೆ. ಮೇಲಂಚಿನ ತೂತಿಗೆ ಕಾಗದದ ಉಂಡೆ ತುರುಕಿದರೆ ಎಂಥ ಕ್ಯಾಸೆಟ್ಟಾದರೂ ರೆಕಾರ್ಡಿಗೆ ಒದಗುತ್ತಿತ್ತು, ನೆನಪಿದೆಯಲ್ಲ? ಹಾಗಾಗಿ ಇವತ್ತಿಗೂ ಅತ್ತೆ ಹಾಡು ಮುಗಿಸಿ "ಸಾಕು, ನಿಲ್ಸು" ಎಂದ ಮರುಕ್ಷಣ ಭಾವಗೀತೆಯೊಂದರ ಅರ್ಧ ಸಾಲು ಎಲ್ಲಿಂದಲೋ ಹಾರಿಬಂದು ಬೀಳುತ್ತದೆ.

ಈಗ ಲಿನಕ್ಸ್ ಸಂಗತಿಗೆ ಬರುತ್ತೇನೆ. ಇದರ ಬೇರು ಅಮೆರಿಕದ ಎಂ.ಐ.ಟಿ. ಪ್ರಯೋಗಶಾಲೆಯ ಒಂದು ಪ್ರಿಂಟರಿನಲ್ಲಿದೆ. 1980ರ ಆಸುಪಾಸಿನಲ್ಲಿ ಜೆರಾಕ್ಸ್ ಕಂಪೆನಿ ಅಲ್ಲಿಗೆ ಕೊಟ್ಟ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ರಿಚರ್ಡ್ ಸ್ಟಾಲ್‌ಮನ್ ಎಂಬಾತ ಅದರ ಪ್ರೋಗ್ರಾಮು ಕೊಡಿ, ನಾನೇ ತಿದ್ದಿಕೊಳ್ಳುತ್ತೇನೆ ಎಂದು ಕೇಳಿದರೆ, ಅದು ಕೈಯಲ್ಲಿದ್ದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬರು, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದುಬಿಟ್ಟರಂತೆ. ಸಾರಿನ ಪುಡಿಯ ಅಳತೆ ಕೇಳಿದಾಗ ಓರಗಿತ್ತಿ ಹೇಳದೆ ಮುಚ್ಚಿಟ್ಟರೆ ಆಗುವ ಸಿಟ್ಟೇ ಆತನಿಗೂ ಬಂದಿರಬೇಕು. 1983ರಲ್ಲಿ ಆತ ಗ್ನೂ ಎಂಬ ಕೆಲಸಕ್ಕೆ ಕೈಹಾಕಿದ. 1989ರಲ್ಲಿ ಅದಕ್ಕೊಂದು ಕರಾರನ್ನೂ ಬರೆದ: ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ, ಆದರೆ ತಿದ್ದಿ ಹಂಚಿದವರು ತಮ್ಮ ತಿದ್ದುಪಡಿಯನ್ನೂ ಹೀಗೇ ತೆರೆದಿಡಬೇಕು. ನಮ್ಮ ಸೋಬಾನೆ ಪದಗಳಿಗೆ ಯಾರೂ ಬರೆದಿಡದೆ ನಡೆದುಬಂದ ಕರಾರೂ ಇದೇ ಅಲ್ಲವೆ? ಅತ್ತೆ ತವರಿನಿಂದ ತಂದ ಹಾಡಿಗೆ ನಮ್ಮೂರ ದೇವರ ಹೆಸರು ಸೇರಿಸಿದ್ದರು. ಯಾರೂ ಕೇಸು ಹಾಕಲಿಲ್ಲ.

ಗ್ನೂವಿಗೆ ತಿರುಳು ಕೊಟ್ಟವನು ಫಿನ್‌ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್. 1991ರ ಆಗಸ್ಟ್ 25ರಂದು, ಹವ್ಯಾಸಕ್ಕೆಂದು ಇಂಥದೊಂದು ಮಾಡುತ್ತಿದ್ದೇನೆ ಎಂದು ಆತ ಸಾರಿದಾಗ ವಯಸ್ಸು 21. ಮರುವರ್ಷ ಅದನ್ನು ಸ್ಟಾಲ್‌ಮನ್ನನ ಕರಾರಿಗೇ ಒಳಪಡಿಸಿದ. ತಿರುಳು ಮಾತ್ರ ಇದ್ದರೆ ಲ್ಯಾಪ್‌ಟಾಪು ನಡೆಯುವುದಿಲ್ಲ. ನಮ್ಮ ತೋಟದ ಕಾಫಿಯನ್ನೇ ನೋಡಿ. ಬೀಜ ಇಲ್ಲಿಂದಲೇ ಹೋಗುತ್ತದೆ. ಹುರಿಯುವವರು ಬೇರೆ, ಪುಡಿ ಮಾಡುವವರು ಬೇರೆ, ಒಬ್ಬ ಚಿಕೋರಿ ಹೆಚ್ಚು ಬೆರೆಸುತ್ತಾನೆ, ಇನ್ನೊಬ್ಬ ಬೆರೆಸುವುದೇ ಇಲ್ಲ. ಪೊಟ್ಟಣದ ಮೇಲೆ ಒಬ್ಬೊಬ್ಬರದು ಒಂದೊಂದು ಹೆಸರು. ಲಿನಕ್ಸ್ ಲೋಕದಲ್ಲಿ ಈ ಪೊಟ್ಟಣಕ್ಕೆ ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ, ಸಲಿಗೆಯಲ್ಲಿ ಡಿಸ್ಟ್ರೋ. 1993ರಲ್ಲಿ ಎರಡು ಬಂದವು: ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್. ಡೆಬಿಯನ್ ಎಂಬ ಹೆಸರಿನ ಮೊದಲರ್ಧ ಅದನ್ನು ಶುರುಮಾಡಿದ ಇಯಾನ್ ಮರ್ಡಾಕನ ಗೆಳತಿ ಡೆಬ್ರಾಳದು, ಮಿಕ್ಕದ್ದು ಅವನದು. ಆಕೆ ಮುಂದೆ ಅವನ ಹೆಂಡತಿಯಾದಳು. ಹೆಸರಿನಲ್ಲಾದರೂ ಹೆಣ್ಣು ಮೊದಲು ಬಂತಲ್ಲ ಎಂದುಕೊಂಡೆ.

ಇವೆಲ್ಲ ಮೊದಮೊದಲು ಮೂಕ. ದನಿ ಕೊಟ್ಟವನು ಇನ್ನೊಬ್ಬ ಫಿನ್‌ಲೆಂಡಿನವನು, ಹನ್ನು ಸಾವೊಲೈನೆನ್. 1992ರಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡು ಲಿನಕ್ಸ್‌ನಲ್ಲಿ ಕೆಲಸ ಮಾಡುವಂತೆ ಡ್ರೈವರು ಬರೆದ. 1994ರಲ್ಲಿ ಲಿನಸ್, ಈ ಪದವನ್ನು ನಾನು ಹೀಗೆ ಉಚ್ಚರಿಸುತ್ತೇನೆ ಎಂದು ತನ್ನ ದನಿಯಲ್ಲೇ ಹೇಳಿ ಫೈಲೊಂದನ್ನು ಹಂಚಿದ. ದನಿ ಬರುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಲು ಜನ ಹಾಕುತ್ತಿದ್ದದ್ದು ಆ ಫೈಲನ್ನೇ. ಎಷ್ಟೋ ಮನೆಗಳಲ್ಲಿ ಲಿನಕ್ಸ್ ಮೊದಲು ಆಡಿದ ಮಾತು ತನ್ನದೇ ಹೆಸರು! ಸಾವೊಲೈನೆನ್ನನ ಕೆಲಸದ ಒಂದು ಭಾಗ ಮುಂದೆ ದುಡ್ಡಿನ ದಾರಿ ಹಿಡಿಯಿತು. ಆಗ ಚೆಕ್ ದೇಶದ ಯಾರೊಸ್ಲಾವ್ ಕಿಸೆಲಾ 1998ರಲ್ಲಿ ಆಲ್ಸಾ ಎಂಬ ಹೊಸ ಏರ್ಪಾಟಿಗೆ ತೊಡಗಿದ. ಅದು 2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6ರೊಳಗೆ ಸೇರಿ ಇಂದಿಗೂ ತಳಪಾಯದಲ್ಲಿದೆ.

ನಮ್ಮ ಮನೆಗೆ ಲಿನಕ್ಸ್ ಮೊದಲು ಬಂದದ್ದು ಅಂಚೆಯಲ್ಲಿ. ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ 2004ರ ಅಕ್ಟೋಬರಿನಲ್ಲಿ ಉಬುಂಟು ಎಂಬ ಡಿಸ್ಟ್ರೋ ಶುರುಮಾಡಿದ. ಕೇಳಿದವರಿಗೆಲ್ಲ ಜಗತ್ತಿನ ಯಾವ ಮೂಲೆಗಾದರೂ ಸಿ.ಡಿ.ಯನ್ನು ಬಿಟ್ಟಿಯಾಗಿ ಕಳಿಸುವ ಏರ್ಪಾಟು 2011ರವರೆಗೂ ಇತ್ತು. 2006ರಲ್ಲಿ ಮಗ ಬರೆದು ತರಿಸಿದ. ಆಗ ನಮ್ಮ ಬೆಟ್ಟಗಳಲ್ಲಿ ಫೋನಿನ ತಂತಿಯ ಮೇಲೆ ಅಷ್ಟು ದೊಡ್ಡ ಫೈಲು ಇಳಿಸುವುದು ಕನಸಿನ ಮಾತು. ಪರದೇಶದ ಲಕೋಟೆ ಬಂದಿದೆಯೆಂದು ಪೋಸ್ಟ್‌ಮ್ಯಾನು ಮನೆಯವರೆಗೂ ಬಂದು ಕಾಫಿ ಕುಡಿದು ಹೋದರು. ಸಿ.ಡಿ. ಹಾಕಿದರೆ ಕಂದು ಬಣ್ಣದ ಪರದೆ ಚೆನ್ನಾಗಿ ತೆರೆದುಕೊಂಡಿತು. ದನಿ ಮಾತ್ರ ಬರಲಿಲ್ಲ. ಎರಡು ದಿನ ಒದ್ದಾಡಿ ಮಗ ಕೈಬಿಟ್ಟ. ಆಗ ಬದುಕಿದ್ದ ಅತ್ತೆ, "ಬಿಟ್ಟಿ ಬಂದದ್ದು ಮಾತೂ ಆಡಬೇಕೇನೋ?" ಎಂದು ನಕ್ಕಿದ್ದರು.

ದನಿ ಬಂದರೂ ಸಾಲದು, ಹೊತ್ತಿಗೆ ಸರಿಯಾಗಿ ಬರಬೇಕು. ಹಾಡಿನ ಮಟ್ಟಿಗೆ ಲಿನಕ್ಸ್‌ನ ನಿಜವಾದ ಹೋರಾಟ ಇದೇ. ಸಿ.ಡಿ.ಯ ಲೆಕ್ಕದಲ್ಲಿ ಕಂಪ್ಯೂಟರು ಒಂದು ಸೆಕೆಂಡಿನ ದನಿಯನ್ನು 44,100 ತುಣುಕು ಮಾಡುತ್ತದೆ; 48,000 ಮಾಡುವುದೂ ಉಂಟು. ಒಂದೊಂದೇ ತುಣುಕನ್ನು ಎತ್ತಿಡಲು ಆಗುವುದಿಲ್ಲವಾದ್ದರಿಂದ ಒಂದಿಷ್ಟನ್ನು ಪಾತ್ರೆಯಲ್ಲಿ ಹಿಡಿದು ಆಮೇಲೆ ಸುರಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಸೂರಿನ ನೀರು ಹಿಡಿಯುವುದಿಲ್ಲವೆ, ಹಾಗೆ. ಚೊಂಬು ಇಟ್ಟರೆ ಬೇಗ ತುಂಬುತ್ತದೆ, ನೀರು ತಕ್ಷಣ ಕೈಗೆ ಬರುತ್ತದೆ. ಆದರೆ ಪಕ್ಕದಲ್ಲೇ ನಿಂತಿರಬೇಕು. ಹಾಲು ಉಕ್ಕಿತೆಂದು ಒಳಗೆ ಓಡಿದಿರೋ, ಚೊಂಬು ತುಂಬಿ ಹೊರಗೆ ಹರಿಯಿತು. ಹಾಗೆ ಹರಿದುಹೋದ ದನಿಯೇ ರೆಕಾರ್ಡಿನ ನಡುವೆ ಕೇಳುವ 'ಟಕ್' ಎನ್ನುವ ಸದ್ದು. ಹಂಡೆ ಇಟ್ಟರೆ ಈ ಗಾಬರಿಯಿಲ್ಲ, ತುಂಬುವವರೆಗೆ ಕಾಯಬೇಕು ಅಷ್ಟೆ. ಆಗಿನ ಲಿನಕ್ಸ್ ಡಿಸ್ಕಿಗೆ ಬರೆಯುವಂಥ ಇನ್ನೊಂದು ಕೆಲಸ ಹಿಡಿದರೆ ಚೊಂಬಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಹಾಡುವವರಿಗೆ ಹಂಡೆ ಆಗದು. ತಮ್ಮ ದನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿಸಿದರೆ ತಾಳ ತಪ್ಪುತ್ತದೆ. ಹೀಗಾಗಿ ಸಂಗೀತದವರು ತಮಗೆಂದೇ ಬೇರೆ ಡಿಸ್ಟ್ರೋಗಳನ್ನು ಕಟ್ಟತೊಡಗಿದರು. ಅಮೆಜಾನ್ ಕಂಪೆನಿಯ ಮೊತ್ತಮೊದಲ ಪ್ರೋಗ್ರಾಮರುಗಳಲ್ಲಿ ಒಬ್ಬನಾಗಿದ್ದ ಪಾಲ್ ಡೇವಿಸ್ ಆ ಕೆಲಸ ಬಿಟ್ಟು, 1999ರ ಕೊನೆಯಲ್ಲಿ ಆರ್ಡೋರ್ ಎಂಬ ರೆಕಾರ್ಡಿಂಗ್ ಪ್ರೋಗ್ರಾಮಿಗೆ ಕೈಹಾಕಿದ. ಅದರಿಂದಲೇ ಕವಲೊಡೆದು ಜ್ಯಾಕ್ ಬಂತು. ಒಂದು ಪ್ರೋಗ್ರಾಮಿನ ದನಿಯನ್ನು ಇನ್ನೊಂದಕ್ಕೆ ತಡವಿಲ್ಲದೆ ಮುಟ್ಟಿಸುವ ಏರ್ಪಾಟು ಅದು. ಅಲ್ಲೇ ಇದ್ದಿದ್ದರೆ ಎಷ್ಟು ದುಡ್ಡು ಮಾಡುತ್ತಿದ್ದನೋ ಎಂದು ನನ್ನ ಮನೆಯವರು ಹಲುಬಿದರು, ಅವರ ಸ್ವಂತದ್ದೇ ಹೋದಂತೆ. 2001ರ ಹೊತ್ತಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸಂಗೀತ ಕೇಂದ್ರದಲ್ಲಿ ಫರ್ನಾಂಡೋ ಲೋಪೆಜ್ ಲೆಜ್ಕಾನೋ, ರೆಡ್ ಹ್ಯಾಟ್ ಲಿನಕ್ಸ್ ಮೇಲೆ ಹಾಕಿಕೊಳ್ಳುವ ಸಂಗೀತದ ಸರಕನ್ನೆಲ್ಲ ಜೋಡಿಸಿಟ್ಟ. ಯುರೋಪಿನ ಒಕ್ಕೂಟ ದುಡ್ಡು ಕೊಟ್ಟು 2002ರಿಂದ 2004ರವರೆಗೆ ಅಗ್ನೂಲಾ ಎಂಬ ಯೋಜನೆ ನಡೆಸಿತು. ಇಟಲಿಯ ಫ್ಲಾರೆನ್ಸಿನ ಟೆಂಪೋ ರಿಯಾಲೆ ಎಂಬ ಸಂಗೀತ ಕೇಂದ್ರದ ಮುಂದಾಳ್ತನದಲ್ಲಿ, ಡೆಬಿಯನ್ ಆಧಾರದ ಮೇಲೆ ಡೆಮುಡಿ ಎಂಬ ಡಿಸ್ಟ್ರೋ ತಯಾರಾಯಿತು. ಯೋಜನೆ ಮುಗಿಯಿತು, ಡೆಮುಡಿಯೂ ಕ್ರಮೇಣ ನಿಂತಿತು. 64 ಸ್ಟುಡಿಯೋ ಬಂತು, ಹೋಯಿತು. ಅರ್ಜೆಂಟೀನದ ಮ್ಯೂಸಿಕ್ಸ್ ಬಂತು, ಹೋಯಿತು. 2007ರ ಮೇ 10ರಂದು ಬಂದ ಉಬುಂಟು ಸ್ಟುಡಿಯೋ ಉಳಿಯಿತು. ಕೆನಡದ ಒಬ್ಬನೇ ಒಬ್ಬ ಸಂಗೀತಗಾರ ಗ್ಲೆನ್ ಮೆಕಾರ್ಥರ್ ಎ.ವಿ. ಲಿನಕ್ಸನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದ. ಹೀಗೆ ಬಂದುಹೋದವುಗಳ ಪಟ್ಟಿ ನೋಡುವಾಗ, ದೊಡ್ಡ ದುಡ್ಡಿನ ಯೋಜನೆಗಿಂತ ಒಬ್ಬನ ಹಟ ಹೆಚ್ಚು ಬಾಳಿಕೆ ಬರುತ್ತದೇನೋ ಅನ್ನಿಸಿತು.

ಓದಿದ್ದೆಲ್ಲ ತಲೆಗೇರಿ, ಹಾಡಿಗೆಂದೇ ಇರುವುದೇ ಬೇಕೆಂದು ಉಬುಂಟು ಸ್ಟುಡಿಯೋವನ್ನೇ ಹಾಕಿಸಿಕೊಂಡೆ. ಶನಿವಾರಸಂತೆಯ ಬಸ್ಸಿನಲ್ಲಿ ಮಗ ಪೆನ್‌ಡ್ರೈವ್ ಕಳಿಸಿದ. ಪಾತ್ರೆ ಚಿಕ್ಕದಾದಷ್ಟೂ ಉತ್ತಮ ಎಂದು ಓದಿದ್ದೆನಲ್ಲ, 64 ತುಣುಕಿಗೆ ಇಳಿಸಿ ಕುಳಿತೆ. ದೇವರು ದೊಡ್ಡವನು, ಮೊದಲು ಹಾಕಿದ್ದು ಯಾವುದೋ ಸಿನಿಮಾ ಹಾಡಿನ ಕ್ಯಾಸೆಟ್ಟು. ಕೇಳಿ ನೋಡಿದರೆ ನಾಲ್ಕು ಸೆಕೆಂಡಿಗೊಮ್ಮೆ ಟಕ್, ಟಕ್. ಬೂಷ್ಟು ಹಿಡಿದ ಟೇಪು ಒಮ್ಮೆ ಓಡಿದರೆ ಇನ್ನೊಮ್ಮೆ ಓಡುತ್ತದೆಂಬ ಭರವಸೆ ಇಲ್ಲ. ಅತ್ತೆಯ ಕ್ಯಾಸೆಟ್ಟು ಹಾಕಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಉಬುಂಟು ಸ್ಟುಡಿಯೋದ್ದಲ್ಲ. ಅದು ದೊಡ್ಡ ಅಡಿಗೆಭಟ್ಟರ ಸಾಮಾನು. ನನ್ನ 4 ಜಿ.ಬಿ.ಯ ಒಲೆಗೆ ನಾನು ಏರಿಸಿದ್ದೆ.

ಕಣ್ಣು ತೆರೆಸಿದವಳು ಅಕ್ಕನ ಮಗಳು. ಅವಳನ್ನು ಕೊಟ್ಟದ್ದು ಕಾಸರಗೋಡಿನ ಕಡೆಗೆ. ಅಲ್ಲಿಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಟೀಚರು. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಕ್ರಮೇಣ ಸರಕಾರಿ ಶಾಲೆಗಳಿಗೆಲ್ಲ ಲಿನಕ್ಸ್ ತಂದಿತು; 2017ರಲ್ಲಿ ಆ ಯೋಜನೆ ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟುವಿನಿಂದಲೇ ತಯಾರಿಸಿದ ಅವರ ಲಿನಕ್ಸ್‌ನಲ್ಲಿ ಗಡಿನಾಡಿನ ಕನ್ನಡದ ಮಕ್ಕಳು ಪಾಠ ಕಲಿಯುತ್ತಾರೆ, ಅಡಾಸಿಟಿಯಲ್ಲಿ ಕತೆ, ಹಾಡು ರೆಕಾರ್ಡು ಮಾಡುತ್ತಾರೆ. ನಾವು ಬೆಂಗಳೂರಿನವರನ್ನು ಕೇಳಿ ಅಲೆಯುವ ವಿದ್ಯೆ ಅಲ್ಲಿ ಏಳನೆಯ ಕ್ಲಾಸಿನ ಹುಡುಗಿಗೆ ಗೊತ್ತು. ನನ್ನ ಪುರಾಣವನ್ನೆಲ್ಲ ಕೇಳಿ ಅವಳು ಒಂದೇ ಪ್ರಶ್ನೆ ಹಾಕಿದಳು: "ಚಿಕ್ಕಮ್ಮ, ನೀವು ಹಾಡುವವರಾ, ಹಿಡಿದಿಡುವವರಾ?"

ಹಿಡಿದಿಡುವವಳು ಎಂದೆ.

"ಹಾಗಾದರೆ ಬೇಗ ಎಂತಕ್ಕೆ? ಹಂಡೆ ಉಂಟಲ್ಲ, ಹಂಡೆ ಇಡಿ" ಎಂದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಮಾತೆಲ್ಲ ಆ ಕಡೆಯದೇ ಆಗಿದೆ.

ಎರಡು ತಿಂಗಳು ಓದಿಯೂ ನನಗೆ ಹೊಳೆಯದೆ ಇದ್ದದ್ದು ಇಷ್ಟೇ. ಅವರೆಲ್ಲರ ಹೋರಾಟ ಬೇಗಕ್ಕೆ. ನನಗೆ ಬೇಕಾಗಿದ್ದದ್ದು ಒಂದು ಹನಿಯೂ ಚೆಲ್ಲದ ನಿಧಾನ. ಅದಕ್ಕೆ ಹಾಡಿನ ಹೆಸರು ಹೊತ್ತ ಡಿಸ್ಟ್ರೋವೇ ಆಗಬೇಕಿರಲಿಲ್ಲ. ಹಳೆಯ ಲ್ಯಾಪ್‌ಟಾಪಿಗೆ ಭಾರವಾಗದ, ಕೆಲವು ವರ್ಷ ಆರೈಕೆ ಸಿಗುವ, ಕೆಟ್ಟರೆ ಕೇಳಲು ನಮ್ಮವರೊಬ್ಬರು ಇರುವ ಸಾದಾ ಡಿಸ್ಟ್ರೋ ಸಾಕು. ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಬಗೆಯನ್ನು ಹಾಕಿಕೊಂಡೆ. ಮಿಂಟೂ ಉಬುಂಟುವಿನ ಮೇಲೇ ಕಟ್ಟಿದ್ದು, ಆದ್ದರಿಂದ ಅಕ್ಕನ ಮಗಳಿಗೆ ಗೊತ್ತಿದ್ದದ್ದೆಲ್ಲ ಇಲ್ಲಿಗೂ ಒಪ್ಪುತ್ತದೆ. 22ರ ಸರಣಿಗೆ 2029ರವರೆಗೆ ಆರೈಕೆ ಇದೆ.

ಮಿಂಟ್‌ನ ಒಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅದರ ಪ್ರತಿಯೊಂದು ಆವೃತ್ತಿಗೂ ಹೆಣ್ಣಿನ ಹೆಸರು. ನಾನು ಹಾಕಿಕೊಂಡದ್ದು ಝಾರಾ. 2006ರಲ್ಲಿ ಬಂದ ಮೊದಲನೆಯದು ಅಡಾ. ಅದೇ ಹೆಸರಿನ ಇನ್ನೊಬ್ಬಾಕೆ, ಕವಿ ಬೈರನ್ನನ ಮಗಳು ಅಡಾ ಲವ್‌ಲೇಸ್, 1843ರಲ್ಲಿಯೇ, ಇನ್ನೂ ಕಟ್ಟಿಯೇ ಇಲ್ಲದ ಲೆಕ್ಕದ ಯಂತ್ರವೊಂದರ ಬಗ್ಗೆ ಬರೆಯುತ್ತ, ಸ್ವರಗಳ ಸಂಬಂಧಗಳನ್ನು ಅದಕ್ಕೆ ತಿಳಿಯುವಂತೆ ಕೊಟ್ಟರೆ ಅದು ಸಂಗೀತವನ್ನೂ ರಚಿಸೀತು ಎಂದಿದ್ದಳು. ಮೂರು ಮಕ್ಕಳ ತಾಯಿ, 36ಕ್ಕೇ ತೀರಿಕೊಂಡಳು. ಯಂತ್ರ ಮತ್ತು ಹಾಡನ್ನು ಜೊತೆಗಿಟ್ಟು ಯೋಚಿಸಿದವಳು ಒಬ್ಬ ಹೆಂಗಸು ಎಂದು ನನಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ.

ಸಾದಾ ಡಿಸ್ಟ್ರೋ ಸಾಕು ಎಂದು ಈಗ ಹೇಳಬಹುದಾದರೂ ಹದಿನೈದು ವರ್ಷದ ಹಿಂದೆ ಇಷ್ಟು ಸಲೀಸಾಗಿ ಹೇಳುವಂತಿರಲಿಲ್ಲ. ಆಗ ದಿನಬಳಕೆಯ ದನಿಗೆ ಪಲ್ಸ್‌ಆಡಿಯೋ, ಸಂಗೀತಕ್ಕೆ ಜ್ಯಾಕ್. ಇವೆರಡೂ ಅತ್ತೆ ಸೊಸೆಯಂತೆ ಒಂದೇ ಒಲೆಗೆ ಜಗಳ. ಇಬ್ಬರ ಕೆಲಸವನ್ನೂ ತಾನೊಂದೇ ಮಾಡುವ ಪೈಪ್‌ವೈರ್ ಎಂಬುದನ್ನು ವಿಮ್ ಟೇಮನ್ಸ್ ಬರೆದ. 2021ರ ಏಪ್ರಿಲ್‌ನಲ್ಲಿ ಫೆಡೋರಾ 34, 2022ರ ಅಕ್ಟೋಬರಿನಲ್ಲಿ ಉಬುಂಟು, 2024ರಲ್ಲಿ ಮಿಂಟ್ ಅದನ್ನೇ ಹಿಡಿದವು. ಇನ್ನು ಚೊಂಬನ್ನು ಮರೆಯದಂತೆ ಲಿನಕ್ಸ್‌ನ ತಿರುಳನ್ನೇ ತಿದ್ದುವ ಕೆಲಸ. ಇಂಗೋ ಮೊಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮುಂತಾದವರು 2004ರ ಸುಮಾರಿಗೆ ಹಿಡಿದದ್ದು ಮುಗಿಯಲು ಇಪ್ಪತ್ತು ವರ್ಷ ಬೇಕಾಯಿತು. 2024ರ ಸೆಪ್ಟೆಂಬರಿನಲ್ಲಿ ವಿಯೆನ್ನಾದಲ್ಲಿ ಗ್ಲೈಕ್ಸ್‌ನರ್ ಕೊನೆಯ ಕಂತಿನ ಕೋರಿಕೆಯನ್ನು ಕಾಗದದಲ್ಲಿ ಅಚ್ಚು ಹಾಕಿಸಿ, ಬಂಗಾರದ ಬಣ್ಣದ ಹಾಳೆಯಲ್ಲಿ ಸುತ್ತಿ ಲಿನಸ್‌ನ ಕೈಗೆ ಕೊಟ್ಟನಂತೆ. ಅದೇ ನವೆಂಬರಿನಲ್ಲಿ ಬಂದ ಲಿನಕ್ಸ್ 6.12ರಿಂದ ಅದು ಮೂಲ ತಿರುಳಿನೊಳಗೇ ಇದೆ. ಯಾವ ಡಿಸ್ಟ್ರೋದವರು ಬೇಕಾದರೂ ಬಳಸಿಕೊಳ್ಳಬಹುದು. ಹಾಡಿಗೆ ಬೇರೆಯೇ ಡಿಸ್ಟ್ರೋ ಕಟ್ಟಬೇಕಾಗಿದ್ದ ಕಾರಣ ಒಂದೊಂದಾಗಿ ಕರಗುತ್ತ ಬಂದಿದೆ.

ಕೆಲಸಕ್ಕೆ ಕುಳಿತದ್ದು ಡಿಸೆಂಬರಿನಲ್ಲಿ, ಹವೆ ಒಣಗಿದ ಮೇಲೆ. ಕ್ಯಾಸೆಟ್ಟುಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬದಲ್ಲಿ ಎರಡು ವಾರ ಮುಚ್ಚಿಟ್ಟೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸ್ಕ್ರೂ ಬಿಚ್ಚಿ, ಸುರುಳಿಯ ಅಂಚನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಹೆಡ್ಡನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದೆ. ಲ್ಯಾಪ್‌ಟಾಪಿನ ಮೈಕಿನ ತೂತು ನಂಬುವಂಥದಲ್ಲವೆಂದು ಯು.ಎಸ್.ಬಿ.ಗೆ ಸಿಕ್ಕಿಸುವ ಪುಟ್ಟ ಸೌಂಡ್ ಕಾರ್ಡು ತರಿಸಿದ್ದೆ. ಡ್ರೈವರು ಗೀವರು ಏನನ್ನೂ ಕೇಳದೆ ಲಿನಕ್ಸ್ ಅದನ್ನು ಗುರುತಿಸಿತು. 2006ರ ಆ ಎರಡು ದಿನ ನೆನಪಾಯಿತು. ಪಾತ್ರೆಯನ್ನು 2048ಕ್ಕೆ ಏರಿಸಿದೆ, ನಮ್ಮ ಬಚ್ಚಲುಮನೆಯ ಹಂಡೆಯಂಥದು. ಅಡಾಸಿಟಿಯಲ್ಲಿ ಕೆಂಪು ಗುಂಡಿ ಒತ್ತಿದೆ. ಇದು 2000ದ ಮೇ ತಿಂಗಳಲ್ಲಿ ಹೊರಬಂದ ಪ್ರೋಗ್ರಾಮು. ಡೊಮಿನಿಕ್ ಮಜ್ಜೋನಿ ಮತ್ತು ಅವನ ಗುರು ರಾಜರ್ ಡ್ಯಾನೆನ್‌ಬರ್ಗ್ ಇದನ್ನು ಬರೆದದ್ದು ಸ್ಟಾಲ್‌ಮನ್ನನಿಗೆ ಇಲ್ಲವೆಂದ ಅದೇ ಕಾರ್ನೆಗಿ ಮೆಲನ್ನಿನಲ್ಲಿ!

ಹಾಡಿನ ಹಿಂದೆ ಒಂದು ಗುಂಯ್‌ಗುಡುವ ಸದ್ದು ಬಿಡದೆ ಕಾಡಿತು. ಆಗಲೇ, ನಮ್ಮ ಊರಿನ ವಾಡಿಕೆಯಂತೆ, ಕರೆಂಟು ಹೋಯಿತು. ಟೇಪ್‌ರೆಕಾರ್ಡರಿಗೆ ದೊಡ್ಡ ಸೆಲ್ಲು ಹಾಕಿ, ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯಲ್ಲೇ ಬಿಟ್ಟು ನೋಡಿದರೆ ಗುಂಯ್‌ ಎನ್ನುವುದು ಮಾಯ. ಅದು ಗೋಡೆಯ ಪ್ಲಗ್ಗಿನಿಂದ ಬರುತ್ತಿದ್ದ ವಿದ್ಯುತ್ತಿನ ಸದ್ದು. ಆಮೇಲೆ ಕರೆಂಟು ಇದ್ದಾಗಲೂ ಪ್ಲಗ್ಗು ಕಿತ್ತೇ ಕೆಲಸ ಮಾಡಿದೆ.

ಏಳರಲ್ಲಿ ಐದು ಪೂರ್ತಿ ಉಳಿದವು. ಒಂದರ ಟೇಪು ಅಂಟಿಕೊಂಡು, ಅಲುಗಿಸಲೂ ಆಗದೆ ಹಾಗೇ ಇದೆ. ಇನ್ನೊಂದು, ಹೆಣ್ಣೊಪ್ಪಿಸುವ ಹಾಡಿರುವುದು, ಹನ್ನೊಂದು ನಿಮಿಷ ಓಡಿ, ಕಿರ್ರೆಂದು ನಿಂತು, ತುಂಡಾಯಿತು. ಉಳಿದದ್ದನ್ನು ಫ್ಲ್ಯಾಕ್ ರೂಪದಲ್ಲಿ ಇಟ್ಟಿದ್ದೇನೆ. ಜಾಶ್ ಕೋಲ್ಸನ್ 2001ರಲ್ಲಿ ಕೊಟ್ಟ ಈ ರೂಪದಲ್ಲಿ ಫೈಲು ಚಿಕ್ಕದಾಗುತ್ತದೆ, ದನಿಯಲ್ಲಿ ಒಂದು ತುಣುಕೂ ಕಡಿಮೆಯಾಗುವುದಿಲ್ಲ, ಬೀಗದ ಕೈ ಯಾವ ಕಂಪೆನಿಯ ಹತ್ತಿರವೂ ಇಲ್ಲ. ಸುಯ್‌ ಎನ್ನುವ ಸದ್ದು ತೆಗೆದಿಲ್ಲ. ಅದರೊಳಗೆ ಉಸಿರಿದೆ. ಅಡಿಗೆಮನೆಯ ಒಲೆ ಊದುವ ಸದ್ದಿದೆ. "ಸಾಕು, ನಿಲ್ಸು" ಇದೆ. ಹಾರಿಬಂದ ಭಾವಗೀತೆಯ ಅರ್ಧ ಸಾಲೂ ಇದೆ.

ತುಂಡಾದ ಹಾಡಿನ ಉಳಿದ ನುಡಿಗಳು ಗೊತ್ತಿರುವವರು ಈಗ ಒಬ್ಬರೇ, ಅತ್ತೆಯ ತಂಗಿ. ವಯಸ್ಸು 84. ಜನವರಿಯಲ್ಲಿ ಜೀಪು ಮಾಡಿ ಕರೆದುಕೊಂಡು ಬಂದೆವು. ಅಕ್ಕನ ದನಿ ಕೇಳುತ್ತ ಅದರ ಜೊತೆಗೇ ಹಾಡಿ, ಅಕ್ಕ ನಿಂತಲ್ಲಿಂದ ತಾವೊಬ್ಬರೇ ಮುಂದುವರಿಸಲಿ ಎಂದು ಆರ್ಡೋರ್ ತೆರೆದು, ಮೈಕು ಇಟ್ಟು, ಹೆಡ್‌ಫೋನು ತೊಡಿಸಿದೆ. ಎರಡು ಸಾಲಿಗೇ ತಬ್ಬಿಬ್ಬಾದರು. "ನನ್ನ ದನಿ ನನ್ನ ಹಿಂದೆ ಬರ್ತಾ ಇದೆ ಕಣೆ" ಎಂದರು. ಹಂಡೆ ಹಾಗೇ ಇತ್ತಲ್ಲ! ಈಗ ಬೇಕಾದದ್ದು ಚೊಂಬು. ಬೇರೆ ಡಿಸ್ಟ್ರೋ ಬೇಡ, ಲ್ಯಾಪ್‌ಟಾಪನ್ನು ಮುಚ್ಚಿ ತೆರೆಯುವುದೂ ಬೇಡ. ಅಕ್ಕನ ಮಗಳು ಫೋನಿನಲ್ಲಿ ಹೇಳಿಕೊಟ್ಟ ಒಂದೇ ಸಾಲಿನ ಆಜ್ಞೆಗೆ ಪೈಪ್‌ವೈರ್ 2048ರಿಂದ 128ಕ್ಕೆ ಇಳಿಯಿತು. ಒಂದು ಪಾತ್ರೆ ತುಂಬಲು ಹಿಡಿಯುತ್ತಿದ್ದ 43 ಮಿಲಿಸೆಕೆಂಡು ಮೂರಕ್ಕಿಂತ ಕಡಿಮೆಯಾಯಿತು.

ಚಿಕ್ಕತ್ತೆ ಕಣ್ಣು ಮುಚ್ಚಿಕೊಂಡು ಹಾಡಿದರು. ಟೇಪು ತುಂಡಾದ ಜಾಗ ಬಂತು, ಅಕ್ಕ ನಿಂತರು, ತಂಗಿ ನಿಲ್ಲಲಿಲ್ಲ. ಮುಗಿದ ಮೇಲೆ ಮೊದಲಿನಿಂದ ಹಾಕಿ ಕೇಳಿಸಿದೆ. ಅತ್ತೆಯ ದನಿ ಅರ್ಧ ಹೆಜ್ಜೆ ಮುಂದೆ, ಇವರದು ಹಿಂದೆ. ಇನ್ನೂ ಎಲ್ಲೋ ತಡವಾಗುತ್ತಿದೆ ಎಂದು ನಾನು ಮತ್ತೆ ಲೆಕ್ಕ ನೋಡಲು ಹೊರಟೆ.

"ಮಿಷನ್ನಿನ ತಪ್ಪಲ್ಲ ಬಿಡು" ಎಂದರು ಚಿಕ್ಕತ್ತೆ, ಹೆಡ್‌ಫೋನು ತೆಗೆಯದೆ. "ಸಣ್ಣವಳಿದ್ದಾಗಿನಿಂದ ಅಕ್ಕ ಹಿಂಗೇ. ನನಗೆ ಕಾಯೋದೇ ಇಲ್ಲ. ಇನ್ನೊಂದು ಸಲ ಹಾಕು."